ಕಪ್ಪು ಚೀಲದ ಹೊಲಿಗೆ

"ಆರನೇ ಸಲ ಗಡಿಯಾರ ನೋಡ್ತಿದ್ದೀಯಲ್ಲಮ್ಮ, ಬಸ್ಸೇನಾದ್ರೂ ತಪ್ಪುತ್ತಾ?" ಎಂದು ದರ್ಜಿ ಪಕ್ಕದಲ್ಲಿ ಕೂತಿದ್ದ ಹುಡುಗಿಯ ಮೊಣಕೈ ತಿವಿದರು. ಎದುರಿಗೆ ಅವರ ಹೆಂಡತಿಯ ಶವಪೆಟ್ಟಿಗೆಯಿತ್ತು. ಹುಡುಗಿ ಆಕೆಯ ಪ್ರಯೋಗಾಲಯದ ಶಿಷ್ಯೆ.

ಶಿಷ್ಯೆ ಪೆಚ್ಚಾದಳು. "ಮೇಡಂ ಮಾಡಿದ ಕೊನೇ ಬಣ್ಣ, ಅಂಕಲ್. ಇಪ್ಪತ್ನಾಲ್ಕನೇದು. ಹನ್ನೆರಡಕ್ಕೆ ಸರಿಯಾಗಿ ನೋಡ್ಬೇಕು. ತಡ ಆದ್ರೆ ಎಲ್ಲಾ ಕಡೆ ಹರಡಿಬಿಡುತ್ತೆ."

"ಡಬ್ಬಿಯ ಕಪ್ಪು ಚೀಲ ಹೊಲ್ದೋರ್ಯಾರು?"

"ನಾನೇ. ಇಂಥಾ ದಿನ ಹೊಲಿಯೋಕೆ ನಿಮ್ಮನ್ನ ಹೇಗೆ ಕರೀಲಿ?"

ಮೈಕಿನ ಮುಂದೆ ಪ್ರಯೋಗಾಲಯದ ಮುಖ್ಯಸ್ಥರು ಮೂರನೇ ಹಾಳೆ ತಿರುವುತ್ತಿದ್ದರು. ದರ್ಜಿ ಎದ್ದು ನಿಂತರು.

"ಬೇಗ ಮುಗಿಸಿ ಸ್ವಾಮಿ. ನಿಮ್ಮ ಭಾಷಣಕ್ಕೆ ಅವಳು ಬದುಕಿದ್ದಾಗ್ಲೇ ತೂಕಡಿಸ್ತಿದ್ಲು."

ಸಭೆ ಗೊಳ್ಳೆಂದು ನಕ್ಕಿತು. ಮುಖ್ಯಸ್ಥರೂ ನಕ್ಕು ಹಾಳೆ ಮಡಚಿದರು.

*

ಕ್ಯಾನ್ಸರ್ ಗಡ್ಡೆಯ ಒಳಗೆ ಆಮ್ಲಜನಕ ಸಿಗದೆ ಒದ್ದಾಡುವ ಜೀವಕೋಶಗಳಿರುತ್ತವೆ. ಔಷಧಿಗೂ ಅವು ಸುಲಭಕ್ಕೆ ಜಗ್ಗುವುದಿಲ್ಲ. ಅವು ಮಾತ್ರ ಹೊಳೆಯುವಂಥ ರಾಸಾಯನಿಕ ಬಣ್ಣ ಕಟ್ಟಬೇಕೆಂಬುದು ದರ್ಜಿಯ ಹೆಂಡತಿಯ ಹನ್ನೊಂದು ವರ್ಷದ ಹಟ. ಆದರೆ ತಡೆದುಕೊಳ್ಳುವ ಜಾಯಮಾನ ಅವಳದಲ್ಲ. ಏಳನೆಯ ಬಣ್ಣವನ್ನು ಗಳಿಗೆಗೊಮ್ಮೆ ಇಣುಕಿ ನೋಡಿದ್ದಕ್ಕೆ, ಬೆಳಕು ಬಿದ್ದು ಬಿದ್ದು ಅದು ಮಂಕಾಗಿಹೋಯಿತು.

"ನೋಡಿ ನೋಡಿಯೇ ಹಾಳುಮಾಡಿದೆ ಕಣ್ರೀ," ಎಂದು ಮನೆಗೆ ಬಂದು ಅತ್ತಳು.

ಮರುದಿನ ದರ್ಜಿ ಪ್ರಯೋಗಾಲಯಕ್ಕೆ ಹೋಗಿ, ಮುಂದಿನ ಬಣ್ಣ ಬೆರೆಸಿದ ಜೀವಕೋಶಗಳ ಡಬ್ಬಿಗೆ ಕಪ್ಪು ಚೀಲ ತೊಡಿಸಿ ಬಾಯಿ ಹೊಲಿದರು. "ಹೊತ್ತಾದಾಗ ನಾನೇ ಬಂದು ಬಿಚ್ತೀನಿ. ಅಲ್ಲೀವರೆಗೆ ಮುಟ್ಟಿದ್ರೆ ಜೋಕೆ!"

ಅಂದಿನಿಂದ ಅದೇ ಪದ್ಧತಿಯಾಯಿತು. ಬಿಚ್ಚಿದಾಗಲೆಲ್ಲ ಒಂದೋ ಪೂರ್ತಿ ಕತ್ತಲೆ, ಇಲ್ಲವೇ ಎಲ್ಲವೂ ಕೆಂಪು. "ಬಿಡು, ಇನ್ನೊಂದು ಹೊಲಿಯೋಣ," ಎನ್ನುತ್ತಿದ್ದರು ದರ್ಜಿ.

*

ಮಣ್ಣು ಹಾಕಿ ಮುಗಿಸಿದವರೇ ಇಬ್ಬರೂ ಪ್ರಯೋಗಾಲಯಕ್ಕೆ ಓಡಿದರು. ಹನ್ನೆರಡಕ್ಕೆ ಎರಡು ನಿಮಿಷವಿತ್ತು. ದರ್ಜಿ ಕೋಟಿನ ಜೇಬಿನಿಂದ ಪುಟ್ಟ ಕತ್ತರಿ ತೆಗೆದರು.

"ಅಯ್ಯೋ, ಇದೂ ಒಂದು ಹೊಲಿಗೇನಾ? ಕೋಳಿ ಕೆದರಿದ ಹಾಗಿದೆ!"

"ಬೈಯೋದು ಆಮೇಲೆ ಅಂಕಲ್, ಮೊದ್ಲು ಕತ್ತರಿಸಿ!"

ಶಿಷ್ಯೆ ಡಬ್ಬಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಕಣ್ಣಿಟ್ಟಳು. ಚಿತ್ರ ತೆಗೆದುಕೊಂಡು, ದರ್ಜಿಯನ್ನು ಎಳೆದು ಕೂರಿಸಿದಳು. ಒಳಗೆ ಜೀವಕೋಶಗಳ ದುಂಡನೆಯ ಉಂಡೆ. ಆಮ್ಲಜನಕ ಸಿಗುವ ಅಂಚು ಕಪ್ಪಗಿತ್ತು; ಅದು ತಲುಪದ ನಟ್ಟನಡು ಮಾತ್ರ ಕೆಂಪಗೆ ಹೊಳೆಯುತ್ತಿತ್ತು.

"ಗೆದ್ಲಲ್ಲಮ್ಮ!" ದರ್ಜಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಇನ್ನೊಂದ್ಸಲ ನೋಡಿ ಅಂಕಲ್."

"ಬೇಡಮ್ಮ. ನೋಡಿ ನೋಡಿ ಹಾಳುಮಾಡೋದು ಬೇಡ."

ಡಬ್ಬಿಯನ್ನು ಮತ್ತೆ ಚೀಲದೊಳಗಿಟ್ಟರು. ಶಿಷ್ಯೆಯ ಸೊಟ್ಟ ಹೊಲಿಗೆಯನ್ನೆಲ್ಲ ಕಿತ್ತುಹಾಕಿ, ಕಾಲರಿನ ಹಿಂದೆ ಚುಚ್ಚಿಕೊಂಡಿದ್ದ ಸೂಜಿಗೆ ನೂಲು ಪೋಣಿಸಿ, ಒಂದೊಂದೇ ಸಣ್ಣ ಹೊಲಿಗೆ ಹಾಕತೊಡಗಿದರು.