ಐದು ಸುತ್ತಿನ ಕುಣಿಕೆ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಎರಡನೇ ಜೆಟ್ಟಿಯಲ್ಲಿ ಸರಕು ದೋಣಿಯನ್ನು ಕಟ್ಟಿದ್ದ ಹಗ್ಗದ ಕುಣಿಕೆ ಬಿಚ್ಚಿಕೊಂಡಿತು. ದೋಣಿಯ ಹಿಂಭಾಗ ತಿರುಗಿ ಜೆಟ್ಟಿಗೆ ಬಡಿಯಿತು. ಮೂರು ಹಲಗೆ ಮುರಿದವು. ಯಾರಿಗೂ ಪೆಟ್ಟಾಗಲಿಲ್ಲ.

ಹನ್ನೊಂದಕ್ಕೆ ಬಂದರಿನ ಮೇಲ್ವಿಚಾರಕರು ಟೈಪು ಮಾಡಿಸಿದ ಹಾಳೆ ಹಿಡಿದು ಹಗ್ಗದ ಕೋಣೆಗೆ ಬಂದರು. ಹಾಳೆಯಲ್ಲಿ ಎರಡೇ ವಾಕ್ಯ. ಕೈಯಿಂದ ಹೆಣೆದ ಕುಣಿಕೆ ಭಾರ ತಡೆಯಲಿಲ್ಲ. ಇನ್ನು ಮುಂದೆ ಕಾರ್ಖಾನೆಯ ಕುಣಿಕೆಗಳನ್ನೇ ತರಿಸುವುದು. ಕೆಳಗೆ ಹೆಣೆಯುವವಳ ಸಹಿಗೆ ಜಾಗ ಬಿಟ್ಟಿತ್ತು. ಸಹಿ ಬಿದ್ದರೆ ಕೋಣೆಗೆ ಬೀಗ, ಅವಳಿಗೆ ಗೋದಾಮಿನಲ್ಲಿ ಚೀಲ ಹೊಲಿಯುವ ಕೆಲಸ ಎಂಬುದು ಇಡೀ ಬಂದರಿಗೆ ಗೊತ್ತಿತ್ತು.

ಅವಳು ಆ ಕೋಣೆಯಲ್ಲಿ ಹದಿನಾಲ್ಕು ವರ್ಷದಿಂದ ಇದ್ದಳು. ಅವಳಿಗಿಂತ ಮೊದಲು ಮೂವತ್ತೆಂಟು ವರ್ಷ ಅಲ್ಲಿದ್ದವನು ಅವಳ ಅಪ್ಪ. ನಿವೃತ್ತನಾದ ಮೇಲೂ ಅವನು ದಿನಾ ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಮಗಳ ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದ. ತಪ್ಪು ಸಿಗದ ದಿನ ಮಂಕಾಗಿರುತ್ತಿದ್ದ.

ಅವಳು ಹಾಳೆಯನ್ನು ಮುಟ್ಟಲಿಲ್ಲ. ಬಿಚ್ಚಿದ ಹಗ್ಗ ತರಿಸಿ ಎಂದಳು.

"ನೋಡಮ್ಮ, ಹಗ್ಗ ಬಾಯಿ ಬಿಟ್ಟು ಮಾತಾಡುತ್ತಾ?"

"ಮಾತಾಡುತ್ತೆ ಸಾರ್. ತರಿಸಿ."

ಇಬ್ಬರು ಕೂಲಿಗಳು ಅದನ್ನು ಹೊತ್ತು ತಂದು ಮೇಜಿನ ಮೇಲೆ ಹಾಕಿದರು. ಮಣಿಕಟ್ಟಿನಷ್ಟು ದಪ್ಪದ, ಮೂರು ಎಳೆಯ ನೈಲಾನ್ ಹಗ್ಗ. ಕುಣಿಕೆ ಹೆಣೆಯುವಾಗ ಹಗ್ಗದ ತುದಿ ಬಿಡಿಸಿ, ಒಂದೊಂದು ಎಳೆಯನ್ನೂ ಹಗ್ಗದ ಮೈಯೊಳಗೆ ತೂರಿಸುತ್ತಾರೆ. ಮೂರು ಎಳೆಯೂ ಒಂದೊಂದು ಸಲ ತೂರಿದರೆ ಒಂದು ಸುತ್ತು. ಬಿಚ್ಚಿಕೊಂಡರೂ ತೂರಿದ ಕಡೆ ಎಳೆ ಸೊಟ್ಟಗೇ ಉಳಿಯುತ್ತದೆ. ಅವಳು ಬೆರಳಾಡಿಸಿ ಸೊಟ್ಟುಗಳನ್ನು ಎಣಿಸಿದಳು. ಪ್ರತಿ ಎಳೆಯಲ್ಲೂ ಮೂರೇ ಇದ್ದವು.

ಅವಳು ನೈಲಾನಿಗೆ ಹಾಕುವುದು ಐದು ಸುತ್ತು. ನಾರಿನ ಹಗ್ಗ ಒರಟು, ಅದಕ್ಕೆ ಮೂರು ಸಾಕು. ನೈಲಾನ್ ನುಣುಪು, ಮೂರರಲ್ಲಿ ನಿಲ್ಲದೆ ಜಾರುತ್ತದೆ. ಅಪ್ಪನ ಕೈ ಜೀವಮಾನವೆಲ್ಲ ನಾರಿನಲ್ಲೇ ಪಳಗಿದ್ದು. ಹಿಂದಿನ ವಾರ ಅವಳು ದೋಣಿಯೊಂದರ ಹಗ್ಗದ ಅಳತೆಗೆಂದು ಹೊರಗೆ ಹೋಗಿದ್ದಾಗ ಅವಸರದ ಬೇಡಿಕೆ ಬಂದಿತ್ತು. ಅಪ್ಪ ಒಂದು ಕುಣಿಕೆ ಹೆಣೆದು, ಮೇಲೆ ಒತ್ತಾಗಿ ದಾರ ಸುತ್ತಿಟ್ಟಿದ್ದ. ಅಪ್ಪನ ಕೈಕೆಲಸವನ್ನು ಬಿಚ್ಚಿ ನೋಡುವುದೇ ಎಂದು ಅವಳು ಎಣಿಸದೆ ಕಳಿಸಿದ್ದಳು.

ಇದರಲ್ಲಿ ಮೂರೇ ಸುತ್ತು, ನಾನು ಹಾಕುವುದು ಐದು ಎಂದಳು. ಹಾಗಾದರೆ ಇದನ್ನು ಮಾಡಿದ್ದು ಯಾರು ಎಂದು ಮೇಲ್ವಿಚಾರಕರು ಕೇಳಿದರು. ಅಪ್ಪ ಕುರ್ಚಿಯಿಂದ ಎದ್ದ.

"ನಾನು. ಮೂರು ಸುತ್ತು. ನನ್ನ ಕಾಲದಲ್ಲಿ ಮೂರರಲ್ಲೇ ಹಡಗು ನಿಲ್ಲಿಸಿದ್ದೀವಿ."

"ಅಪ್ಪಾ, ನೀನು ಕೂತ್ಕೋ."

ಅವಳು ಹಾಳೆಯ ಎರಡೂ ವಾಕ್ಯಗಳ ಮೇಲೆ ಗೀಟು ಎಳೆದು ಕೆಳಗೆ ಬರೆದಳು: ನೈಲಾನ್ ಹಗ್ಗಕ್ಕೆ ಮೂರೇ ಸುತ್ತು ಹಾಕಿತ್ತು. ಹೆಣೆದದ್ದು ನನ್ನ ತಂದೆ. ಎಣಿಸದೆ ಕಳಿಸಿದ್ದು ನಾನು.

ಆಫೀಸಿನ ಕಾಗದದ ಮೇಲೆ ಹೀಗೆ ಗೀಚುವ ಹಾಗಿಲ್ಲ ಎಂದು ಮೇಲ್ವಿಚಾರಕರು ರೇಗಿದರು.

"ಸಹಿ ನನ್ನದು ಅಂದ ಮೇಲೆ ಮಾತೂ ನನ್ನದೇ ಇರಲಿ ಸಾರ್. ಕೈಕೆಲಸ ಭಾರ ತಡೆಯಲ್ಲ ಅಂತ ಮಾತ್ರ ನಾನು ಬರೆಯಲ್ಲ. ಇದೇ ಹಗ್ಗದಲ್ಲಿ ಇವತ್ತೇ ಐದು ಸುತ್ತು ಹಾಕಿ ಕೊಡ್ತೀನಿ. ವಿಂಚ್ ಯಂತ್ರಕ್ಕೆ ಕಟ್ಟಿ ಎಳೆಸಿ. ಕುಣಿಕೆ ಜಾರಿದರೆ ಬೀಗದ ಕೈ ನಾನೇ ತಂದು ಕೊಡ್ತೀನಿ."

"ಅಪ್ಪನ ತಪ್ಪಿಗೆ ಮಗಳೇ ವಕೀಲೆ," ಎಂದರು ಅವರು. ಆದರೆ ಇಬ್ಬರು ಕೂಲಿಗಳು ನಿಂತು ಕೇಳುತ್ತಿದ್ದರು. ಅವರ ಮುಂದೆ ಹಿಂಜರಿಯಲಾರದೆ ಮೇಲ್ವಿಚಾರಕರು ಮೂರಕ್ಕೆ ವಿಂಚು ಬಿಡಿಸಲು ಹೇಳಿದರು.

ಹಗ್ಗದ ಕೆಟ್ಟ ತುದಿಯನ್ನು ಕತ್ತರಿಸಿ, ಅವರ ಎದುರಿಗೇ ಅವಳು ಹೊಸ ಕುಣಿಕೆ ಹೆಣೆದಳು. ಪ್ರತಿ ಸುತ್ತನ್ನೂ ಜೋರಾಗಿ ಎಣಿಸಿದಳು. ಐದನೆಯದರಲ್ಲಿ ಅಪ್ಪ ಕೂತಲ್ಲಿಂದಲೇ ಹೇಳಿದ:

"ಎಡಗಡೆ ಎಳೆ ಸಡಿಲ ಇದೆ ಕಣೇ."

ಸಡಿಲವಿತ್ತು. ಅವಳು ಬಿಗಿದಳು.

ಮಧ್ಯಾಹ್ನ ಮೂರಕ್ಕೆ ಕುಣಿಕೆಯನ್ನು ಕಬ್ಬಿಣದ ಕಂಬಕ್ಕೆ ಹಾಕಿ, ಇನ್ನೊಂದು ತುದಿಯನ್ನು ವಿಂಚಿಗೆ ಸುತ್ತಿದರು. ತುಂಡಾದ ಹಗ್ಗ ಚಾಟಿಯಂತೆ ಬೀಸುತ್ತದೆ, ಆದ್ದರಿಂದ ಎಲ್ಲರೂ ಗೋಡೆಯ ಹಿಂದೆ ನಿಂತರು. ಮೂರೂ ಹತ್ತಕ್ಕೆ ಹಗ್ಗ ಹರಿಯಿತು. ಹರಿದದ್ದು ಹೆಣಿಗೆಯಿಂದ ಒಂದು ಮೊಳ ಆಚೆ. ಕುಣಿಕೆ ಒಂದು ಎಳೆಯೂ ಜಾರದೆ ಕಂಬದಲ್ಲೇ ಇತ್ತು. ಮೇಲ್ವಿಚಾರಕರು ಟೇಪು ತರಿಸಿ ಆ ದೂರವನ್ನು ತಾವೇ ಅಳೆದರು, ಎರಡು ಸಲ.

ಅವಳು ಬರೆದ ಮೂರು ವಾಕ್ಯಗಳನ್ನೇ ಟೈಪು ಮಾಡಿಸಿ ಸಂಜೆ ಕಳಿಸಿದರು. ಅವಳು ಓದಿ ಸಹಿ ಹಾಕಿದಳು.

ಮರುದಿನ ಬೆಳಿಗ್ಗೆ ಕೋಣೆಯ ಬಾಗಿಲಿಗೆ ಚೀಟಿ ಅಂಟಿಸಿತ್ತು: ಹೊರಗಿನವರಿಗೆ ಒಳಗೆ ಪ್ರವೇಶವಿಲ್ಲ. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ಕಿಟಕಿಯ ಪಕ್ಕದ ಕುರ್ಚಿಯನ್ನು ಮಗಳ ಕೈಲೇ ಹೊರಗೆ ತರಿಸಿ, ಹೊಸ್ತಿಲಿನಿಂದ ಒಂದು ಗೇಣು ಆಚೆ, ಒಳಗೆ ಮುಖ ಮಾಡಿ ಹಾಕಿಕೊಂಡು ಕೂತ.