ಒದ್ದೆ ಮಾಡಿದ ಹುಲ್ಲು

ಒಟ್ಟಿಲಿಯಾಳ ಬಲಮೊಣಕಾಲು ಮೂರು ವಾರದಿಂದ ಹಟ ಹಿಡಿದು ಕೂತಿತ್ತು. ಆರ್ನಿಕಾ ಹೂವು ನೆನೆಸಿದ ಸಾರಾಯಿ ತಿಕ್ಕಿದಳು, ಎಲೆಕೋಸಿನ ಎಲೆಯನ್ನು ಸೀಸೆಯಿಂದ ಲಟ್ಟಿಸಿ ರಸ ಬರಿಸಿ ಕಟ್ಟಿದಳು. ನೋವು ತುಸು ತಗ್ಗಿತು, ಬಿಗಿತ ಮಾತ್ರ ಜಪ್ಪಯ್ಯ ಎಂದರೂ ಬಿಡಲಿಲ್ಲ. ಬರುವ ಭಾನುವಾರ ಭಾವ ಕಾಸ್ಪರನ ಮೊಮ್ಮಗಳಿಗೆ ಜ್ಞಾನಸ್ನಾನ. ಜ್ಞಾನತಾಯಿಯಾಗಿ ಮಗುವನ್ನೆತ್ತಿಕೊಂಡು ಚರ್ಚಿನ ಮೆಟ್ಟಿಲು ಹತ್ತಬೇಕಾದವಳು ಅವಳೇ. ಮಕ್ಕಳಿಲ್ಲದ ವಿಧವೆಗೆ ಅಂಥ ಭಾಗ್ಯ ಇನ್ನೊಮ್ಮೆ ಎಲ್ಲಿ?

"ಚಿಕ್ಕತ್ತೆ, ಬೇಜಾರ್ ಮಾಡ್ಕೋಬೇಡಿ," ಎಂದಳು ಮಗುವಿನ ತಾಯಿ, ಊಟದ ಮೇಜಿನಲ್ಲಿ. "ಎತ್ಕೊಂಡು ಬಿದ್ಬಿಟ್ರೆ? ಶುಕ್ರವಾರದೊಳಗೆ ಕಾಲು ಮಡಚದಿದ್ರೆ ನಮ್ಮಕ್ಕಾನೇ ಎತ್ಕೊಳ್ಳಲಿ."

ಕಾಸ್ಪರ್ ತುಟಿಪಿಟಕ್ಕೆನ್ನದೆ ಸೂಪು ಕುಡಿದ. ಒಟ್ಟಿಲಿಯಾಗೆ ಚುಚ್ಚಿದ್ದು ಆ ಮೌನವೇ.

ಬುಧವಾರ ಮಧ್ಯಾಹ್ನ ಕಿಟಕಿಯಲ್ಲಿ ನೋಡುತ್ತಾಳೆ, ಶ್ಲೆರ್ನ್ ಬೆಟ್ಟದಿಂದ ಇಳಿಸಿದ ಹೊಸ ಹುಲ್ಲು ಅಂಗಳದಲ್ಲಿ ರಾಶಿ ಬಿದ್ದಿದೆ, ಭಾವ ಅದಕ್ಕೆ ನೀರು ಚಿಮುಕಿಸುತ್ತಿದ್ದಾನೆ! ಹಸಿ ಹುಲ್ಲು ಒಳಗೇ ಕಾದು ಕೊಟ್ಟಿಗೆ ಸುಟ್ಟೀತೆಂದು, ಮೋಡ ಕಂಡರೆ ಊಟ ಬಿಟ್ಟು ಓಡುವ ಮನುಷ್ಯ ಇವನು. ಒಂದೆಳೆ ಉದುರಿದರೂ ಬಗ್ಗಿ ಹೆಕ್ಕುವ ಜಿಪುಣ.

ಅವಳು ಕೋಲೂರಿ ಕುಂಟುತ್ತ ಹೊರಬಂದಳು. "ಭಾವಾ, ತಲೆಗಿಲೆ ಕೆಟ್ಟಿದ್ಯಾ ನಿಮ್ಗೆ? ಬಂಗಾರದಂಥ ಹುಲ್ಲು!"

"ಬಾಯಿ ಮುಚ್ಕೊಂಡು ಕೈ ಹಾಕಿ ನೋಡು."

ಅವಳ ಗಮನಕ್ಕೆ ಬಾರದಂತೆ ಅವನು ಎರಡು ದಿನದಿಂದ ನೆನೆಸಿಟ್ಟಿದ್ದ ರಾಶಿಯೊಳಗೆ ಒಲೆಯ ಪಕ್ಕದಷ್ಟು ಬಿಸಿ. ಕಾಡುಪುದೀನ, ಆರ್ನಿಕಾಗಳ ಘಮ ಮೂಗಿಗಡರಿತು.

"ನಮ್ಮಪ್ಪ ಕೊಯ್ಲಿನೋರ್ನ ಇದ್ರಲ್ಲೇ ಹೂಳ್ತಿದ್ದ. ಕೀಲು ಸಡಿಲಾಗಿ ಕುಣೀತಾ ಏಳ್ತಿದ್ರು. ಇಳಿ."

"ಮತ್ತೆ ದನಕ್ಕೆ?"

"ದನ ಏನು ಮಗು ಎತ್ಕೊಳ್ತವಾ?"

ಮೂರು ದಿನ, ದಿನಕ್ಕೆ ಅರ್ಧ ಗಂಟೆ, ಅವಳನ್ನು ಕತ್ತಿನವರೆಗೂ ಹೂತ. ಪಕ್ಕದಲ್ಲಿ ಮಣೆ ಹಾಕಿ ಕೂತು ನೊಣಗಳಿಗೆ ಬೈಯುತ್ತ ಅವಳ ಹಣೆಯ ಬೆವರು ಒರೆಸಿದ. ಶುಕ್ರವಾರ ಸಂಜೆ ಮೊಣಕಾಲು ಮಡಚಿತು. ಸೊಸೆ ತಾನಾಗಿಯೇ ಮಗುವನ್ನು ತಂದು ಅವಳ ಮಡಿಲಿಗಿಟ್ಟಳು.

ಭಾನುವಾರ ಮಗುವನ್ನು ಎದೆಗವಚಿಕೊಂಡು ಒಟ್ಟಿಲಿಯಾ ಒಂದೊಂದೇ ಮೆಟ್ಟಿಲು ಹತ್ತಿದಳು. ಕೊನೆಯ ಮೆಟ್ಟಿಲಲ್ಲಿ ತಿರುಗಿದರೆ ಭಾವ ಹಿಂದೆಯೇ ಎರಡೂ ಕೈ ಚಾಚಿಕೊಂಡು ನಿಂತಿದ್ದಾನೆ.

"ಯಾಕ್ ಭಾವ, ಮಗೂನ ಬೀಳಿಸ್ತೀನಿ ಅಂತ ಇನ್ನೂ ಭಯಾನಾ?"

"ಮಗೂನ ನೀನ್ ಬಿಡಲ್ಲ, ಗೊತ್ತು. ಕೈ ಚಾಚಿದ್ದು ನಿನಗೆ ಕಣೇ."

ಗಂಡ ಸತ್ತ ಮೇಲಿನ ಹದಿನೇಳು ವರ್ಷವೂ ಈ ಮನೆಗೆ ತಾನೊಂದು ಹೊರೆ ಎಂದೇ ಅವಳು ಬದುಕಿದ್ದಳು. ಕಣ್ಣು ತುಂಬಿ ಬಂತು.

"ನಿಮ್ಮ ಋಣ ದೇವರೇ ತೀರಿಸ್ಲಿ ಭಾವ," ಎಂದಳು.

"ತೀರಿಸ್ತಾನೆ, ನಡಿ. ಪಾದ್ರಿಗಳು ಕಾಯ್ತಿದಾರೆ."