ಬರ್ಫದಲ್ಲಿ ಇಡಬಾರದ ಬಾಟಲಿ

ಪಕ್ಕದ ಊರಿಗೆ ಕೋಳಿಗಳನ್ನು ಕೊಲ್ಲುವ ಕೊಕ್ಕರೆ ರೋಗ ಬಂದಿದೆ ಎಂದು ಕೇಳಿದಾಗಿನಿಂದ ಕದರಮಂಡಲಗಿಯ ಉಡಚವ್ವನಿಗೆ ಊಟವೇ ಸೇರುತ್ತಿರಲಿಲ್ಲ. ಅವಳ ಹಿತ್ತಲಿನ ಕರಿ ಕೋಳಿಗಳು ತವರಿನಿಂದ ತಂದ ತಳಿ. ಅವು ಸತ್ತರೆ ತಳಿಯೇ ಮುಗಿಯಿತು. ಆದರೂ ಸೂಜಿ ಎಂದರೆ ಒಲ್ಲೆ ಎನ್ನುತ್ತಿದ್ದಳು.

"ಹೋದ ಸಲ ಚುಚ್ಚಿಸಿದ್ದಕ್ಕ ಕೋಳಿ ಕುತ್ತಿಗ್ಯಾಗ ಗಂಟ ಎದ್ದಿತ್ತು. ಎಣ್ಣಿ ಬೆರೆಸಿದ ಔಷಧ ಚುಚ್ಚಿದ್ರ ಇನ್ನೇನ ಆಕ್ಕೈತಿ?" ಎಂದು, ಊರಿನ ದನ-ಕೋಳಿಗಳಿಗೆ ಲಸಿಕೆ ಹಾಕುವ ಪಶುಸಖಿ ಅರುಣಾಳನ್ನು ಕೇಳಿದಳು.

ಅರುಣಾ ನಕ್ಕಳು. "ಚಿಗವ್ವ, ಆ ಎಣ್ಣಿ ಔಷಧ ಹಿಡಕೊಂಡು ಸ್ವಲ್ಪ ಸ್ವಲ್ಪನ ಬಿಡತೈತಿ. ಅದಕ್ಕ ಬಾಳ ದಿನ ಕಾಯತೈತಿ. ಮೊದಲಿನ ಎಣ್ಣಿ ದಪ್ಪ ಇತ್ತು, ಗಂಟ ಜಾಸ್ತಿ ಬರತಿತ್ತು. ಈಗ ತೆಳು ಮಾಡ್ಯಾರ, ಸೂಜ್ಯಾಗ ಸರಾಗ ಇಳೀತೈತಿ."

ಉಡಚವ್ವ ಅರೆಮನಸ್ಸಿನಿಂದ ಹೂಂ ಎಂದಳು. ಬೆಳಿಗ್ಗೆ ಹಾಕಲೆಂದು ಅರುಣಾ ಲಸಿಕೆಯ ಬಾಟಲಿಯನ್ನು ಅವಳ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಟ್ಟು ಹೋದಳು.

ಸಂಜೆ ಗಂಡ ಹಾಲೇಶಪ್ಪ ಬಂದ. ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ಚೀಲ ನೋಡಿಕೊಳ್ಳುವ ಮನುಷ್ಯ. ತಂಪಿನ ವಿಷಯದಲ್ಲಿ ಅವನಿಗೆ ಬುದ್ಧಿ ಹೇಳುವವರು ಇನ್ನೂ ಹುಟ್ಟಿರಲಿಲ್ಲ. "ತಂಪ ಹೆಚ್ಚಾದಷ್ಟು ಮಾಲು ಚಲೋ" ಎನ್ನುತ್ತ ಬಾಟಲಿಯನ್ನು ಮೇಲಿನ ಬರ್ಫದ ಖಾನೆಗೆ ಸೇರಿಸಿದ.

ಬೆಳಿಗ್ಗೆ ಅರುಣಾ ಬಂದು ಕರಗಿಸಿ ನೋಡಿದರೆ, ಹಾಲಿನಂತಿದ್ದ ಲಸಿಕೆಯಲ್ಲಿ ಎಣ್ಣೆಯೇ ಬೇರೆ, ನೀರೇ ಬೇರೆ.

"ಅಲ್ಲಾಡಿಸಿ ಹಾಕವ್ವ" ಎಂದ ಹಾಲೇಶಪ್ಪ.

"ಆಗೂದಿಲ್ರಿ ಕಾಕಾ. ಒಡೆದ ಹಾಲು ಮತ್ತ ಹಾಲಾಕ್ಕೈತೇನ್ರಿ? ಇದನ್ನ ಚುಚ್ಚಿದ್ರ ಗಂಟ ಬಂದೀತು, ರೋಗ ಮಾತ್ರ ನಿಲ್ಲಂಗಿಲ್ಲ."

ಉಡಚವ್ವ ಗಂಡನನ್ನು ದುರುಗುಟ್ಟಿ ನೋಡಿದಳು. "ಹೋದ ಸಲಾನೂ ನೀವ ಅಲ್ಲೇನು ಮ್ಯಾಲಿನ ಖಾನ್ಯಾಗ ಇಟ್ಟಿದ್ದು?"

ಹಾಲೇಶಪ್ಪ ಬೈಕ್ ಹತ್ತಿ ಬ್ಯಾಡಗಿಯ ಪಶು ಆಸ್ಪತ್ರೆಗೆ ಹೋದ. ಹೊಸ ಬಾಟಲಿಯನ್ನು ಬರ್ಫಕ್ಕೆ ತಾಗದಂತೆ ಬಟ್ಟೆ ಸುತ್ತಿ, ತಂಪಿನ ಡಬ್ಬಿಯಲ್ಲಿ ತಂದ. ಅರುಣಾ ಅದನ್ನು ಸ್ವಲ್ಪ ಹೊತ್ತು ಹೊರಗಿಟ್ಟು, ಮೆಲ್ಲಗೆ ಅಲ್ಲಾಡಿಸಿ, ಹೊಸ ಸೂಜಿ ತೆಗೆದಳು. ಉಡಚವ್ವ ತಾನೇ ಹಿರಿ ಕೋಳಿಯನ್ನು ಎತ್ತಿಕೊಂಡು ಬಂದಳು. "ಮೊದಲ ಇಕಿಗೆ ಹಾಕು."

ಮುಂದೆ ಅವರ ಓಣಿಗೂ ರೋಗ ಬಂತು. ಉಡಚವ್ವನ ಹಿತ್ತಲಲ್ಲಿ ಮಾತ್ರ ಒಂದೂ ಕೋಳಿ ಸಾಯಲಿಲ್ಲ, ಹಿರಿ ಕೋಳಿ ಕಾವಿಗೆ ಕೂತಿತು. ಕರಿ ಮರಿಗಳು ಹೊರಬಂದ ದಿನ ಅವಳು ಓಣಿಗೆಲ್ಲ ಸಕ್ಕರೆ ಹಂಚಿದಳು.

ಅಕ್ಕಂದಿರೇ, ಅಣ್ಣಂದಿರೇ, ರೋಗ ಬರುವ ಮೊದಲೇ, ಕೋಳಿ ಗಟ್ಟಿಮುಟ್ಟಾಗಿರುವಾಗಲೇ ಲಸಿಕೆ ಹಾಕಿಸಿ. ಬಾಟಲಿಯಲ್ಲಿ ಎಣ್ಣೆ, ನೀರು ಬೇರೆಬೇರೆಯಾಗಿ ಕಂಡರೆ ಬೇಡ ಎನ್ನಿ. ನಿಮ್ಮ ಪಶುಸಖಿಯನ್ನು ನಾಳೆ ಕರೆಯಿರಿ, ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಇವತ್ತೇ ಜಾಗ ಮಾಡಿ.